ರಾಯ್ಸನಿಗೆಂದು ಹೊಲಿದ ಒರೆ

ರಾಯ್ಸ್ ಡನವೇ ಜಿಂಕೆ ಮಾಂಸದ ಪೊಟ್ಟಣ ಹಿಡಿದು ಚರ್ಮದ ಕೆಲಸದ ಅಂಗಡಿಯೊಳಗೆ ಬಂದ ದಿನವೇ ಅದರ ಯಜಮಾನ ಹಾರ್ಲನ್ ಪ್ರೂಯಿಟ್ ಅವನನ್ನು ಕೊಲ್ಲುವುದೆಂದು ನಿರ್ಧರಿಸಿದ. ಅಲ್ಲಿಯವರೆಗೆ ಬರೀ ದ್ವೇಷಿಸುತ್ತಿದ್ದ.

ಬೇರೆ ಏನನ್ನಾದರೂ ತರಬಹುದಿತ್ತು. ಎರಡು ವರ್ಷದ ಹಿಂದೆ, ಮುಸ್ಸಂಜೆಯಲ್ಲಿ, ಹಾರ್ಲನ್‌ನ ಹೆಂಡತಿ ಮೇವಿಸ್ ಟಪಾಲು ಡಬ್ಬಿ ನೋಡಿ ಬರಲೆಂದು ಮನೆ ಮುಂದಿನ ರಸ್ತೆ ದಾಟಿದ್ದಳು. ರಾಯ್ಸನ ಟ್ರಕ್ಕು ಅವಳಿಗೆ ಗುದ್ದಿ, ನಿಲ್ಲದೆ ಹೊರಟುಹೋಯಿತು. ಅವಳು ಅಲ್ಲೇ ಸತ್ತಳು. ‘ಜಿಂಕೆ ಅಡ್ಡ ಬಂತು ಅಂದ್ಕೊಂಡೆ’ ಎಂದು ಮಾರನೆಯ ದಿನ ಅವನು ಪೊಲೀಸರಿಗೆ ಹೇಳಿದ. ಅಷ್ಟು ಹೊತ್ತಿಗೆ ಬಾಯಿಯ ವಿಸ್ಕಿ ವಾಸನೆ ಆರಿತ್ತು. ಅಮೆರಿಕದ ಆರ್ಕನ್ಸಾದ ಆ ಬೆಟ್ಟಗಳಲ್ಲಿ ಜಿಂಕೆ ಅಡ್ಡ ಬರದ ರಸ್ತೆಯೇ ಇಲ್ಲ. ಕೋರ್ಟು ನಂಬಿತು, ದಂಡ ಹಾಕಿ ಬಿಟ್ಟುಬಿಟ್ಟಿತು.

‘ಯಜಮಾನ್ರೇ, ಆಗಿದ್ದು ಆಗೋಯ್ತು. ಎಷ್ಟು ದಿನ ಅಂತ ಮುಖ ತಿರುಗಿಸ್ಕೊಂಡು ಓಡಾಡೋದು ಹೇಳಿ?’ ಎಂದ ರಾಯ್ಸ್. ಜೇಬಿನಿಂದ ಅಂಗೈಯಗಲದ ಕಪ್ಪು ಪಿಸ್ತೂಲು ತೆಗೆದು ಗುಂಡು ಖಾಲಿ ಮಾಡಿ ಮೇಜಿನ ಮೇಲಿಟ್ಟ. ‘ಇದಕ್ಕೊಂದು ಜೇಬಿನ ಒರೆ ಹೊಲ್ಕೊಡಿ. ಪೇಟೇಲಿ ಸಿಗೋ ಪ್ಲಾಸ್ಟಿಕ್ಕಿಂದು ತೊಡೆ ಕಚ್ಚುತ್ತೆ. ನಿಮ್ಮಂಥ ಕೈ ಈ ಸುತ್ತಿನಲ್ಲಿ ಇನ್ನೊಂದಿಲ್ಲ ಬಿಡಿ.’

ಹಾರ್ಲನ್ ಪೊಟ್ಟಣವನ್ನೇ ನೋಡುತ್ತಿದ್ದ.

‘ಜಿಂಕೇದು. ತಗೊಳ್ಳಿ, ತಗೊಳ್ಳಿ. ನಾನೇ ಹೊಡೆದಿದ್ದು!’

ಆ ಮಾತಿನಲ್ಲಿ ಕುಹಕವಿರಲಿಲ್ಲ. ಅದೇ ಹಾರ್ಲನ್‌ನ ಹೊಟ್ಟೆಗೆ ಬೆಂಕಿ ಹಚ್ಚಿತು. ಆ ಮನುಷ್ಯ ಮರೆತೇಬಿಟ್ಟಿದ್ದ. ತಾನು ಏನು ತಂದಿದ್ದೇನೆ, ಏನು ಹೇಳುತ್ತಿದ್ದೇನೆ ಎಂಬುದು ಅವನ ದಪ್ಪ ತಲೆಗೆ ಹೊಳೆದೇ ಇರಲಿಲ್ಲ. ಬೇಕೆಂದೇ ಅಣಕಿಸಿದ್ದರೆ ಸಹಿಸಬಹುದಿತ್ತು.

‘ಪಿಸ್ತೂಲು ಬೇಡ, ಒಯ್ಯಿ. ಇದೇ ಆಕಾರದ ಅಚ್ಚು ನನ್ನ ಹತ್ರ ಇದೆ,’ ಎಂದಷ್ಟೇ ಹೇಳಿದ ಹಾರ್ಲನ್. ‘ಗುರುವಾರ ಬಾ.’

ಮಾಂಸವನ್ನು ನಾಯಿಗೂ ಹಾಕಲಿಲ್ಲ. ಹಿತ್ತಲಲ್ಲಿ ಆಳಕ್ಕೆ ಗುಂಡಿ ತೋಡಿ ಹೂತ. ಮಣ್ಣು ಮುಚ್ಚಿ ಸನಿಕೆಯ ಬೆನ್ನಿನಿಂದ ಬಡಿಯುವಾಗ, ಏಟು ಬೀಳಬೇಕಾದದ್ದು ಮಣ್ಣಿಗಲ್ಲ ಎಂದುಕೊಂಡ.

ದಾರಿ ಹೊಳೆದದ್ದು ಕೆಲಸಕ್ಕೆ ಕೂತಾಗ. ಜೇಬಿನ ಒರೆಯ ಗುಟ್ಟೆಲ್ಲ ಒಂದೇ: ಪಿಸ್ತೂಲು ಎಳೆದಾಗ ಒರೆ ಜೇಬಿನೊಳಗೇ ಉಳಿಯಬೇಕು. ಅದಕ್ಕೇ ಚರ್ಮದ ಒರಟು ಮೈಯನ್ನು ಹೊರಗೆ ಮಾಡಿ ಹೊಲಿಯುವುದು, ಬಟ್ಟೆಯನ್ನು ಕಚ್ಚಿಕೊಳ್ಳಲಿ ಎಂದು. ಅದಕ್ಕೇ ಅಂಚಿನಲ್ಲಿ ಒಂದು ಕೊಕ್ಕೆ ಬಿಡುವುದು, ಜೇಬಿನ ಬಾಯಿಗೆ ಸಿಕ್ಕಿಕೊಳ್ಳಲಿ ಎಂದು. ಇವೆರಡೂ ಇಲ್ಲದ ಒರೆ ಪಿಸ್ತೂಲಿನ ಜೊತೆಯಲ್ಲೇ ಹೊರಗೆ ಬರುತ್ತದೆ. ಪಿಸ್ತೂಲಿನ ಟ್ರಿಗರು ಚರ್ಮದಡಿ ಮುಚ್ಚಿಹೋಗಿರುತ್ತದೆ, ಬೆರಳು ಹೊಗುವುದಿಲ್ಲ. ಹಿಡಿದವನ ಕೈಯಲ್ಲಿ ಆಗ ಇರುವುದು ಒಂದು ಚರ್ಮದ ಗಂಟು ಮಾತ್ರ. ಎದುರಿನವನ ಕೈಯಲ್ಲಿ ಮಾತ್ರ ನಿಜವಾದ ಪಿಸ್ತೂಲು.

ರಾಯ್ಸನ ಮುಂಗೋಪ ಊರಿಗೆಲ್ಲ ಗೊತ್ತಿದ್ದದ್ದೇ. ಪೆಟ್ರೋಲ್ ಬಂಕಿನಲ್ಲಿ ಸಾಲು ತಪ್ಪಿಸಿದನೆಂದು ಒಬ್ಬನಿಗೆ ಪಿಸ್ತೂಲು ತೋರಿಸಿದ್ದ. ರಾಯ್ಸನ ತಾಯಿಯ ಬಗ್ಗೆ ಒಂದು ಮಾತು ಆಡಿದರೆ ಸಾಕು, ಕೈ ಜೇಬಿಗೆ ಹೋಗುತ್ತಿತ್ತು. ಎದುರಿನವನು ಮೊದಲು ಆಯುಧ ತೆಗೆದರೆ, ಹೊಡೆದು ಪ್ರಾಣ ಉಳಿಸಿಕೊಂಡವನನ್ನು ಆ ಸೀಮೆಯಲ್ಲಿ ಯಾರೂ ಜೈಲಿಗೆ ಹಾಕುವುದಿಲ್ಲ. ಬೆನ್ನು ತಟ್ಟಿ ಮನೆಗೆ ಕಳಿಸುತ್ತಾರೆ. ರಾಯ್ಸನನ್ನು ಉಳಿಸಿದ್ದು ಕಾನೂನು. ಅದೇ ಕಾನೂನು ತನ್ನನ್ನೂ ಉಳಿಸಲಿ.

ಹಾರ್ಲನ್ ಕರುವಿನ ನಯವಾದ ಚರ್ಮ ಆರಿಸಿದ. ನಯ ಮೈ ಹೊರಗೆ ಬರುವಂತೆ ಮಡಿಸಿದ. ಕೊಕ್ಕೆ ಬಿಡಲಿಲ್ಲ. ಹೊಲಿಗೆಯನ್ನು ಅಚ್ಚಿಗೆ ಒತ್ತಿಕೊಂಡು ಹಾಕಿ, ಚರ್ಮ ನೆನೆಸಿ ಮೂಳೆ ಕಡ್ಡಿಯಿಂದ ತಿಕ್ಕಿ ತಿಕ್ಕಿ ಪಿಸ್ತೂಲಿನ ಪ್ರತಿ ತಗ್ಗಿಗೂ ಕೂರಿಸಿದ. ಒರೆಯ ಬಾಯಿ ಕೆಳಗೆ ಮಾಡಿ ಕೊಡವಿದರೂ ಅಚ್ಚು ಬೀಳಬಾರದು, ಅಷ್ಟು ಬಿಗಿ. ಕೆಟ್ಟ ಕೆಲಸ ಮಾಡಿ ಗೊತ್ತಿಲ್ಲದ ಕೈ ಅವನದು. ಎರಡು ಸಲ ಬೆರಳುಗಳು ತಮ್ಮಷ್ಟಕ್ಕೆ ತಾವೇ ಸಡಿಲು ಕೊಟ್ಟು ಹೊಲಿದುಬಿಟ್ಟಿದ್ದವು. ಎರಡು ಸಲವೂ ಬೈದುಕೊಂಡು ಮೇಣದ ದಾರ ಬಿಚ್ಚಿ ಮತ್ತೆ ಹೊಲಿದ. ಆ ಹಂದಿಗಾಗಿ ತನ್ನ ಕೈಗೇ ಸುಳ್ಳು ಕಲಿಸಬೇಕಾಯಿತಲ್ಲ ಎಂಬ ಸಿಟ್ಟು ಬೇರೆ. ತನ್ನ ಹೆಸರಿನ ಮುದ್ರೆಯನ್ನು ಒತ್ತಲಿಲ್ಲ. ಅಂಚನ್ನು ಮಾತ್ರ ಗಾಜಿನಂತೆ ಹೊಳೆಯುವ ಹಾಗೆ ಉಜ್ಜಿದ. ಹೊಳಪು ಕಂಡರೆ ರಾಯ್ಸ್ ಮತ್ತೇನನ್ನೂ ನೋಡುವವನಲ್ಲ.

ಹಾಗೆಯೇ ಆಯಿತು. ಗುರುವಾರ ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಬಂದ ರಾಯ್ಸ್, ಒರೆಯಲ್ಲಿ ಪಿಸ್ತೂಲು ಹಾಕಿ ಪ್ಯಾಂಟಿನ ಜೇಬಿಗಿಳಿಸಿ ಮೇಲಿಂದ ತಟ್ಟಿಕೊಂಡ.

‘ಆಹಾ! ಇದೆಯೋ ಇಲ್ಲವೋ ಗೊತ್ತೇ ಆಗಲ್ಲ. ಯಜಮಾನ್ರೇ, ಏನು ಕೊಡ್ಲಿ?’

‘ನಿನ್ನ ಹತ್ರ ತಗೊಳ್ಳಲ್ಲ.’

ರಾಯ್ಸನ ಕಣ್ಣು ತುಂಬಿತು. ಅದನ್ನು ಅವನು ಕ್ಷಮೆ ಎಂದು ತಿಳಿದುಕೊಂಡಿದ್ದ. ಹಾರ್ಲನ್‌ನ ಕೈ ಹಿಡಿದು ಕುಲುಕಿದ. ಅವನು ಹೋದ ಮೇಲೆ ಹಾರ್ಲನ್ ಚರ್ಮ ತೊಳೆಯುವ ಸಾಬೂನಿನಲ್ಲಿ ಕೈ ತೊಳೆದ, ಉರಿಯುವಷ್ಟು.

ಪ್ರತಿ ಶುಕ್ರವಾರ ಬೆಳಗ್ಗೆ ಒಪಲ್‌ಳ ಹೋಟೆಲಿಗೆ ರಾಯ್ಸ್ ತಪ್ಪದೆ ತಿಂಡಿಗೆ ಬರುತ್ತಿದ್ದ. ಹಾರ್ಲನ್‌ಗೆ ಬೇಕಾಗಿದ್ದ ಸಾಕ್ಷಿಗಳೂ ಅಲ್ಲೇ ಇರುತ್ತಿದ್ದರು: ಚರ್ಚಿನ ಪಾದ್ರಿ, ನಿವೃತ್ತ ಪೊಲೀಸ್ ಟರ್ಲಿ, ಮತ್ತು ಒಪಲ್. ಸುಳ್ಳು ಹೇಳಿದರೆಂದು ಯಾರೂ ಅನ್ನಲಾರದ ಮೂವರು. ಮೊದಲು ರಾಯ್ಸನ ಕಿವಿಗಷ್ಟೇ ಕೇಳುವಂತೆ ತಾಯಿಯ ಮಾತು. ಆಮೇಲೆ ಎಲ್ಲರಿಗೂ ಕೇಳುವಂತೆ, ‘ಬೇಡ ರಾಯ್ಸ್, ಜಗಳ ಬೇಡ.’ ಆಮೇಲೆ ಗುಂಡು. ಮಾರನೆಯ ಬೆಳಗ್ಗೆ ಹಾರ್ಲನ್ ತನ್ನ ಚಿಕ್ಕ ರಿವಾಲ್ವರನ್ನು, ತಾನೇ ಹೊಲಿದ ಒಳ್ಳೆಯ ಒರೆಯಲ್ಲಿ, ಕೋಟಿನ ಜೇಬಿಗೆ ಹಾಕಿಕೊಂಡು ಹೊರಟ. ಮೇವಿಸ್ ಬಿದ್ದಿದ್ದ ಜಾಗ ದಾಟುವಾಗ ಎಂದಿನಂತೆ ಗಾಡಿ ನಿಧಾನ ಮಾಡಿದ. ಇವತ್ತು ಅಳು ಬರಲಿಲ್ಲ.

ಬಾಗಿಲು ತಳ್ಳಿ ಒಳಗೆ ಹೋದಾಗ ಹೋಟೆಲಿನಲ್ಲಿ ಎಲ್ಲರೂ ಯಾವುದಕ್ಕೋ ಬಿದ್ದು ಬಿದ್ದು ನಗುತ್ತಿದ್ದರು. ಅವನನ್ನು ಕಂಡೊಡನೆ ನಗು ತಡೆದುಕೊಂಡರು. ತನ್ನನ್ನೇ ಆಡಿಕೊಂಡು ನಗುತ್ತಿದ್ದರೇ? ರಾಯ್ಸ್ ಜಿಂಕೆಯ ಕತೆ ಹೇಳಿ ನಗಿಸುತ್ತಿದ್ದನೇ?

‘ಬಾ ಚಿನ್ನ, ಕಾಫಿ ಹಾಕ್ಲಾ?’ ಎಂದಳು ಒಪಲ್.

ರಾಯ್ಸ್ ಎದ್ದು ನಿಂತ. ‘ಬಂದ್ರಲ್ಲ ಯಜಮಾನ್ರೇ! ನಿಮ್ಮನ್ನೇ ಕಾಯ್ತಿದ್ದೆ. ಇವತ್ತು ನಿಮಗಿದೆ ನೋಡಿ!’

ಅವನ ಬಲಗೈ ಜೇಬಿಗೆ ಹೋಯಿತು.

ತಾಯಿಯ ಮಾತು ಬೇಕಾಗಲೇ ಇಲ್ಲ. ಹಾರ್ಲನ್‌ಗೆ ಒಳಗೊಳಗೇ ಆನಂದವಾಯಿತು. ‘ಬೇಡ ರಾಯ್ಸ್, ಜಗಳ ಬೇಡ!’ ಎಂದು ಕೂಗಿದ. ರಾಯ್ಸನ ಮುಖದಲ್ಲಿ ‘ಯಾವ ಜಗಳ?’ ಎಂಬ ಪ್ರಶ್ನೆ ಮೂಡುತ್ತಿತ್ತು. ಜೇಬಿನಿಂದ ಹೊಳೆಯುವ ಚರ್ಮದ ಅಂಚು ಹೊರಗೆ ಬಂತು. ಹಾರ್ಲನ್ ಎರಡು ಗುಂಡು ಹಾರಿಸಿದ. ರಾಯ್ಸ್ ಸ್ಟೂಲಿನ ಸಮೇತ ಉರುಳಿದ.

‘ಅವನೇ ಮೊದಲು ತೆಗೆದ,’ ಎಂದ ಹಾರ್ಲನ್, ಮನೆಯಲ್ಲಿ ಎಷ್ಟೋ ಸಲ ಆಡಿ ನೋಡಿಕೊಂಡಿದ್ದ ದನಿಯಲ್ಲಿ. ‘ನೀವೆಲ್ಲ ನೋಡಿದ್ರಲ್ಲ.’

ಟರ್ಲಿ ಮೆಲ್ಲಗೆ ಬಂದು ಅವನ ಕೈಯಿಂದ ರಿವಾಲ್ವರ್ ಬಿಡಿಸಿಕೊಂಡ. ‘ಏನು ತೆಗೆದನಪ್ಪಾ ಹಾರ್ಲನ್?’ ಎಂದ.

ರಾಯ್ಸನ ಮುಷ್ಟಿ ಸಡಿಲಿ ಒರೆ ನೆಲದ ಮೇಲೆ ಬಿದ್ದಿತ್ತು. ಪಾದ್ರಿ ಬಗ್ಗಿ ಅದನ್ನು ಎತ್ತಿ ಬಾಯಿ ಅಗಲಿಸಿ ಹಿಡಿದ. ಒಳಗೆ ಏನೂ ಇರಲಿಲ್ಲ. ‘ಗನ್ನು ಅವನ ಮನೇಲಿದೆ ಕಣೋ, ಅಡಿಗೆ ಮನೆ ಮೇಜಿನ ಮೇಲೆ,’ ಒಪಲ್ ಬಾಯಿಗೆ ಸೆರಗಿನಂತೆ ಏಪ್ರನ್ ಒತ್ತಿಕೊಂಡು ಅಳುತ್ತಿದ್ದಳು. ‘ಇದನ್ನ ಈಗಷ್ಟೇ ನಮ್ಮೆಲ್ಲರ ಕೈಗೂ ಕೊಟ್ಟು ತೋರಿಸ್ದ. ರಾತ್ರಿ ಕನ್ನಡಿ ಮುಂದೆ ನಿಂತು ಎಳೆದು ನೋಡಿದ್ನಂತೆ, ಒರೆನೂ ಜೊತೇಲೇ ಬಂತಂತೆ. ಅದನ್ನ ಆಡಿ ತೋರಿಸ್ತಿದ್ದ, ನಾವು ನಗ್ತಿದ್ವಿ. ಯಜಮಾನ್ರಿಗೆ ವಯಸ್ಸಾಯ್ತು, ಯಾರೂ ಆಡ್ಕೋಬೇಡಿ, ಮೆತ್ತಗೆ ವಾಪಸ್ ಕೊಟ್ಟು ಸರಿ ಮಾಡಿಸ್ಕೋತೀನಿ ಅಂದ…’ ಹಾರ್ಲನ್ ಒಬ್ಬೊಬ್ಬರ ಮುಖವನ್ನೇ ನೋಡಿದ: ಪಾದ್ರಿ, ಟರ್ಲಿ, ಒಪಲ್. ತಾನೇ ಆರಿಸಿದ ಮೂವರು. ಹೊಸ ಒರೆ ಕೊಂಡ ಗಂಡಸರೆಲ್ಲ ಮೊದಲ ರಾತ್ರಿಯೇ ಕನ್ನಡಿ ಮುಂದೆ ನಿಂತು ಪಿಸ್ತೂಲು ಎಳೆದು ನೋಡುತ್ತಾರೆ. ಎಷ್ಟೋ ವರ್ಷಗಳಿಂದ ಗಿರಾಕಿಗಳ ಹೆಂಡಂದಿರು ಅಂಗಡಿಗೆ ಬಂದು ಅದನ್ನು ಹೇಳಿ ನಗುತ್ತಲೇ ಇದ್ದರು, ಹಾರ್ಲನ್ ಕೂಡ ಅವರ ಜೊತೆ ನಗುತ್ತಲೇ ಇದ್ದ.