ಅತ್ತೆ ಯೋಚನೆ ಮಾಡುತ್ತಿದ್ದಾರೆ

ಕೇಬಲ್‌ನವನು ಮೊದಲ ಸಲ ಗೇಟು ತಟ್ಟಿದಾಗ ಅತ್ತೆ ಒಳಗಿನಿಂದಲೇ, "ಗೋಡೆಗೆ ಒಂದು ಮೊಳೆ ಹೊಡೆಯೋಕೂ ಬಿಡಲ್ಲ, ಬಂದ ದಾರಿ ಹಿಡೀಲಿ ಅನ್ನು" ಎಂದರು. ಅತ್ತೆ ಅಂದರೆ ಅಪ್ಪನ ಅಕ್ಕ; ಮಂಡಿನೋವು, ಹೊರಗೆ ಬರುವುದಿಲ್ಲ. ಮನೆ ಅವರದು, ಗೇಟಿನ ಹತ್ತಿರ ಮಾತಾಡುವ ಕರ್ಮ ನನ್ನದು.

ಹೋದೆ. ಹಳದಿ ಹೆಲ್ಮೆಟ್, ಹೆಗಲ ಮೇಲೆ ಕೇಬಲ್ ಸುರುಳಿ, ಹುಬ್ಬಿನ ಮೇಲಿಷ್ಟು ಸಿಮೆಂಟ್ ಧೂಳು. ಆ ಧೂಳನ್ನು ನೋಡುತ್ತಾ ಅತ್ತೆಯ ಮಾತನ್ನು ನುಂಗಿಕೊಂಡೆ.

"ಅತ್ತೆ ಯೋಚನೆ ಮಾಡ್ತಿದಾರೆ" ಎಂದುಬಿಟ್ಟೆ.

"ಹಾಗಾದ್ರೆ ನಾಳೆ ಬರ್ತೀನಿ."

ಬಂದ. ಮರುದಿನವೂ ಬಂದ.

ಬೀದಿಗೆಲ್ಲ ಹೈ ಸ್ಪೀಡ್ ಬ್ರಾಡ್‌ಬ್ಯಾಂಡ್ ಬಂದಿತ್ತು. ನಮ್ಮ ಮಹಡಿಯ ಬಾಡಿಗೆ ಮನೆಗಳಿಗೆ ಲೈನ್ ಹೋಗಬೇಕಾದರೆ ಮಾತ್ರ ನಮ್ಮ ವರಾಂಡದ ಗೋಡೆ ಕೊರೆಯಬೇಕು, ಅದಕ್ಕೆ ಮಾಲೀಕರು ಹೂಂ ಅನ್ನಬೇಕು. ಹಿಂದೆ ಡಿಶ್ ಹಾಕಿದವರು ಗೋಡೆಯನ್ನು ಜರಡಿ ಮಾಡಿ ಹೋಗಿದ್ದರಿಂದ ಅತ್ತೆಗೆ ಡ್ರಿಲ್ಲಿಂಗ್ ಮೆಷಿನ್ ಅಂದರೆ ಮೈಯೆಲ್ಲ ಉರಿ. ಮೇಲಿನ ಮನೆಯ ಟೀಚರಕ್ಕ ಸಿಗ್ನಲ್‌ಗಾಗಿ ಮೆಟ್ಟಿಲ ಮೇಲೆ ಕೂತು ಆನ್‌ಲೈನ್ ಪಾಠ ಹೇಳುತ್ತಿದ್ದರು.

ತೂತು ಬೆರಳಿನಷ್ಟೂ ಅಗಲ ಇರುವುದಿಲ್ಲ, ಪುಟ್ಟಿ ಹಾಕಿ ಬಣ್ಣ ಬಳಿದು ಕೊಡುತ್ತೇನೆ ಅಂದ. ಒಂದು ದಿನ ಬಣ್ಣದ ಕಾರ್ಡನ್ನೇ ತಂದು ಗೋಡೆಗೆ ಹಿಡಿದು, ಯಾವುದು ಹೊಂದುತ್ತದೆ ಎಂದು ಕೇಳಿದ. ಗೋಡೆ ನೋಡಬೇಕಾದವನು ನನ್ನನ್ನು ನೋಡುತ್ತಿದ್ದ. ನನಗೆ ಒಂದು ಬಣ್ಣವೂ ಕಾಣಿಸಲಿಲ್ಲ.

ಸೋಮವಾರ ಅತ್ತೆ ಇದ್ದಕ್ಕಿದ್ದಂತೆ ಕರಗಿದರು. ಟೀಚರ್ ಪಾಡು ನೋಡೋಕಾಗಲ್ಲ, ಕೊರೀಲಿ ಬಿಡು ಎಂದರು. ನಾನು ಗೇಟಿಗೆ ಓಡಿದೆ. ಅವನು ನಕ್ಕ. ಈಗ ಹೂಂ ಅಂದರೆ ಸಂಜೆಯೊಳಗೆ ಕೆಲಸ ಮುಗಿಸಿ ಬೇರೆ ಬೀದಿಗೆ ಹೋಗುತ್ತಾನೆ ಎಂಬುದು ಆಗ ಹೊಳೆಯಿತು.

"ಅತ್ತೆ ಇನ್ನೂ ಯೋಚನೆ ಮಾಡ್ತಿದಾರೆ."

ಶುಕ್ರವಾರ ಅವನ ಮುಖದಲ್ಲಿ ನಗುವಿರಲಿಲ್ಲ. ಒಪ್ಪಿಗೆ ಸಿಗದ ಕಟ್ಟಡಗಳನ್ನು ಬಿಟ್ಟುಬಿಡಿ ಎಂದು ಆಫೀಸಿನಿಂದ ಹೇಳಿದ್ದರಂತೆ, ಇವತ್ತೇ ಕೊನೆ. ನನ್ನ ಬೆನ್ನ ಹಿಂದೆ ಮೆಟ್ಟಿಲ ಮೇಲೆ ಟೀಚರಕ್ಕ ಯಾರಿಗೋ ಫೋನಿನಲ್ಲಿ, ಇನ್ನೊಂದು ವಾರ ಟೈಮ್ ಕೊಡಿ, ನನ್ನ ಕ್ಲಾಸ್ ಬೇರೆಯವರಿಗೆ ಕೊಡಬೇಡಿ ಎಂದು ಬೇಡುತ್ತಿದ್ದರು. ನಾಚಿಕೆಯಿಂದ ಕುಗ್ಗಿಹೋದೆ.

"ಅತ್ತೆ ಸೋಮವಾರಾನೇ ಒಪ್ಪಿದ್ರು."

"ಮತ್ತೆ ನೀವು ಹೇಳ್ಲೇ ಇಲ್ವಲ್ಲ?"

"ಹೇಳಿದ್ರೆ ನೀವು ಬರ್ತಿರ್ಲಿಲ್ಲ."

ಕೇಬಲ್ ಸುರುಳಿ ಅವನ ಹೆಗಲಿನಿಂದ ಜಾರಿತು. ಎತ್ತಿಕೊಳ್ಳಲು ಬಗ್ಗಿದವನು ಬೇಗ ಏಳಲೇ ಇಲ್ಲ. ಎದ್ದಾಗ ಕಿವಿ ಕೆಂಪಾಗಿತ್ತು.

"ಮೊದಲು ಟೀಚರ್ ಲೈನ್ ಮುಗಿಸ್ತೀನಿ. ಆಮೇಲೆ ನಿಮ್ಮ ಹತ್ರ ಜಗಳ ಇದೆ."

ಸಂಜೆ ಹೊತ್ತಿಗೆ ಟೀಚರಕ್ಕ ಮೆಟ್ಟಿಲು ಬಿಟ್ಟು ತಮ್ಮ ಮನೆಯೊಳಗೇ ಕೂತು ತಡೆಯಿಲ್ಲದೆ ಪಾಠ ಹೇಳುತ್ತಿದ್ದರು. ಅವನು ವರಾಂಡದಲ್ಲಿ ಕೈಗಂಟಿದ ಪುಟ್ಟಿ ಒರೆಸಿಕೊಳ್ಳುತ್ತಾ ಜಗಳ ತೆಗೆದ.

"ನಾಳೆ ನಂಗೆ ರಜೆ. ಬರ್ಲಾ? ಕೆಲಸ ಏನಿಲ್ಲ. ಅತ್ತೇನ ಕೇಳಿ ಬನ್ನಿ, ಅವರು ಹೇಳಿದ್ದನ್ನೇ ಹೇಳಿ."

ಒಳಗೆ ಹೋಗಿ ಅತ್ತೆಗೆ ಎಲ್ಲವನ್ನೂ ಹೇಳಿದೆ. ಅವರು ಮಂಡಿ ಒತ್ತಿಕೊಳ್ಳುತ್ತಾ ನನ್ನನ್ನು ನೋಡಿದರು. ಆಮೇಲೆ ತುಟಿಯಂಚಿನಲ್ಲಿ ನಕ್ಕರು.

ಹೊರಗೆ ಬಂದು ವರದಿ ಒಪ್ಪಿಸಿದೆ. "ಬರಬಹುದಂತೆ. ಆ ಮೆಷಿನ್ ಮಾತ್ರ ತರಬಾರ್ದಂತೆ. ಬೆಳಿಗ್ಗೆ ಬೇಗ ಬರಬೇಕಂತೆ."

"ಅತ್ತೆ ಬೇಗ ಬಾ ಅಂದ್ರಾ?"

"ಇಲ್ಲ" ಎಂದೆ. "ಅದು ನಾನು."