ಕೆಂಪಯ್ಯನ ಹಳೆಯ ಸಹಿ

2025ರ ಜುಲೈ 14, ಸೋಮವಾರ. ಬೆಳಿಗ್ಗೆ 10.40ಕ್ಕೆ ಬಿನ್ನಿಪೇಟೆಯ ಯಶೋದಮ್ಮ ವಿಜಯನಗರ ಪೊಲೀಸ್ ಠಾಣೆಗೆ ಬಂದರು. ಸೋಮವಾರ ಠಾಣೆಗೆ ಪುರಸೊತ್ತು ಎಲ್ಲಿಂದ ಬರಬೇಕು! ವಾರದ ಕೊನೆಯಲ್ಲಿ ಕುಡಿದು ಬಡಿದಾಡಿದವರೆಲ್ಲ ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ಐವತ್ತಾರು ವರ್ಷದ ಆ ಹೆಂಗಸು ಪ್ಲಾಸ್ಟಿಕ್ ಫೈಲೊಂದನ್ನು ಎದೆಗೆ ಅವುಚಿಕೊಂಡು ಮುಕ್ಕಾಲು ಗಂಟೆ ನಿಂತೇ ಇದ್ದರು. ಕೊನೆಗೆ ಹೆಡ್ ಕಾನ್‌ಸ್ಟೆಬಲ್ ತುಂಗಾ ಅವರನ್ನು ಇನ್ಸ್‌ಪೆಕ್ಟರ್ ಚನ್ನವೀರೇಶನ ಕೋಣೆಗೆ ಕರೆದುಕೊಂಡು ಹೋದಳು.

“ಹೇಳಿ ಅಮ್ಮ.”

“ನಮ್ಮ ಯಜಮಾನ್ರು ಹೋಗ್ಬಿಟ್ರು ಸಾರ್. ಮೇ ಹತ್ತೊಂಬತ್ತು, ವರ್ಕ್‌ಶಾಪಲ್ಲೇ. ಹಾರ್ಟ್ ಅಟ್ಯಾಕ್. ಸಾಲಕ್ಕೆ ಇನ್ಶೂರೆನ್ಸ್ ಇತ್ತು. ಈಗ ಕೇಳೋಕೆ ಹೋದ್ರೆ, ನಿಮ್ಮ ಯಜಮಾನ್ರೇ ಏಪ್ರಿಲ್‌ನಲ್ಲಿ ಕ್ಯಾನ್ಸಲ್ ಮಾಡಿಸಿದಾರೆ ಅಂತಾರೆ.”

“ಮಾಡಿಸಿರ್ಲಿಲ್ವಾ?”

“ಅಯ್ಯೋ, ಇಲ್ಲ ಸಾರ್! ನೋಡಿ, ಈ ಸಹೀನ ಅವ್ರು ಹಾಕಕ್ಕೇ ಆಗಲ್ಲ.”

ಯಶೋದಮ್ಮನ ಗಂಡ ಕೆಂಪಯ್ಯ ನಾಯಂಡಹಳ್ಳಿಯಲ್ಲಿ ಲೇತ್ ಕೆಲಸದ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡಿದ್ದ. ಬಿನ್ನಿಪೇಟೆಯ ಮನೆಯ ಪತ್ರ ಅಡವಿಟ್ಟು, 2022ರಲ್ಲಿ ವಿಜಯನಗರದ ಐಶ್ವರ್ಯಪಥ ಫೈನಾನ್ಸ್‌ನಲ್ಲಿ ಸಾಲ ಎತ್ತಿದ್ದ. ಸಾಲದ ಜೊತೆಗೇ ಸಾಲ ರಕ್ಷಣಾ ವಿಮೆಯೊಂದನ್ನು ಅವನಿಗೆ ಕಟ್ಟಿದ್ದರು. ಸಾಲಗಾರ ಸತ್ತರೆ ಉಳಿದ ಸಾಲವನ್ನು ವಿಮೆಯವರು ತೀರಿಸಬೇಕು. ಈಗ ಉಳಿದಿರುವುದು ಏಳು ಲಕ್ಷ ಚಿಲ್ಲರೆ. ವಿಮೆ ಇಲ್ಲವೆಂದಾದರೆ ಮನೆ ಹರಾಜು. ಅರವತ್ತು ದಿನದ ನೋಟಿಸು ಆಗಲೇ ಯಶೋದಮ್ಮನ ಫೈಲಿನಲ್ಲಿತ್ತು.

ಸಹಿಯ ಕತೆ ಇಷ್ಟು. 2023ರಲ್ಲಿ ಲೇತ್‌ಗೆ ಸಿಕ್ಕಿ ಕೆಂಪಯ್ಯನ ಬಲಗೈ ತೋರುಬೆರಳಿನ ಅರ್ಧ ಹೋಗಿತ್ತು. ಆಮೇಲೆ ಅವನ ಸಹಿಯೇ ಬದಲಾಯಿತು. ಮೊಟಕಾದ, ನಡುಗುವ ಮೂರು ಅಕ್ಷರ. ಆದರೆ 2025ರ ಏಪ್ರಿಲ್ 2ರ ಈ ರದ್ದತಿ ಪತ್ರದಲ್ಲಿ ಬಾಲ ಎಳೆದು ಹಾಕಿದ, ಠೀವಿಯ ಹಳೆಯ ಸಹಿ ಇತ್ತು.

“ಬ್ಯಾಂಕಿಗೆ ನಲವತ್ತೊಂದೂವರೆ ಸಾವಿರ ಬಂದಿತ್ತು ಸಾರ್. ಯಾವ್ದೋ ಜಿಎಸ್‌ಟಿ ವಾಪಸ್ ಬಂದಿರ್ಬೇಕು ಅಂದ್ಕೊಂಡ್ರು ಪಾಪ” ಎಂದು ಯಶೋದಮ್ಮ ಕಣ್ಣೊರೆಸಿಕೊಂಡರು.

ಮಧ್ಯಾಹ್ನ 12.30ಕ್ಕೆ ಭಾರತೀಯ ನ್ಯಾಯ ಸಂಹಿತೆ ಕಲಂ 336(3) ಮತ್ತು 340(2)ರ ಅಡಿ ಎಫ್‌ಐಆರ್ ದಾಖಲಾಯಿತು. ಖೋಟಾ ಸಹಿ, ಅದರ ಬಳಕೆ. ಕಂಪನಿಯವರೇ ಮಾಡಿರಬೇಕು ಎಂಬುದು ಚನ್ನವೀರೇಶನ ಅನುಮಾನ. ಅನುಮಾನವೇನು ಬಂತು, ಅವರೇ ಆಗಿರಲಿ ಎಂಬ ಆಸೆ.

ಮಾರನೆಯ ದಿನ ಬೆಳಿಗ್ಗೆ 11.15ಕ್ಕೆ ಪೊಲೀಸರು ಐಶ್ವರ್ಯಪಥದ ಕಚೇರಿಗೆ ಹೋದರು. ಪಕ್ಕದ ಅಂಗಡಿಯ ಇಬ್ಬರನ್ನು ಪಂಚರಾಗಿ ಕರೆಸಲಾಯಿತು. ಮ್ಯಾನೇಜರ್ ಸುಘೋಷ್‌ಗೆ ಮೂವತ್ತೆಂಟು ವರ್ಷವಿರಬಹುದು. ಎಸಿಯಲ್ಲೂ ಬೆವರುತ್ತಿದ್ದ.

“ಈ ಲೆಟರ್ ಎಲ್ಲಿಂದ ಬಂತು?”

“ಸ್ಪೀಡ್ ಪೋಸ್ಟ್ ಸಾರ್. ರಾಜಾಜಿನಗರ ಪೋಸ್ಟ್ ಆಫೀಸಿಂದ. ಕವರ್ ಇಟ್ಟಿದೀವಿ.”

“ಸಹಿ ಚೆಕ್ ಮಾಡಿದ್ರಾ?”

“ಲೋನ್ ಫೈಲ್ ಜೊತೆ ಟ್ಯಾಲಿ ಆಯ್ತು ಸಾರ್. ನಮ್ದೇನೂ ತಪ್ಪಿಲ್ಲ. ಇಂಥವು ಒಂದು ವರ್ಷದಲ್ಲಿ ಮೂವತ್ತೊಂದು ಬಂದಿವೆ.”

“ಮೂವತ್ತೊಂದಾ?”

“ಹೌದು ಸಾರ್. ನನಗೆ ಈ ವಿಮೆ ಸುಳ್ಳು ಹೇಳಿ ಮಾರಿದೀರಿ, ಉಳಿದ ತಿಂಗಳುಗಳ ಪ್ರೀಮಿಯಂ ವಾಪಸ್ ಕೊಡಿ ಅಂತ. ಜೊತೆಗೆ ಲೆಕ್ಕದ ಶೀಟು. ಒಂದು ರೂಪಾಯಿ ಆಚೀಚೆ ಇಲ್ಲ. ಕೊಡದಿದ್ರೆ ವಿಮೆ ದೂರು ಕೇಳೋ ಓಂಬುಡ್ಸ್‌ಮನ್ ಹತ್ರ ಹೋಗ್ತೀವಿ ಅಂತ ಬೇರೆ ಬರೆದಿತ್ತು. ಹೆಡ್ ಆಫೀಸ್ ಎಲ್ಲರಿಗೂ ಕೊಟ್ಬಿಡ್ತು.”

“ಯಾರ ಅಕೌಂಟಿಗೆ?”

“ಕಸ್ಟಮರ್‌ಗಳ ಅಕೌಂಟಿಗೇ ಸಾರ್.”

ಚನ್ನವೀರೇಶ್ ಮುಖ ಗಂಟಿಕ್ಕಿಕೊಂಡ. ಖೋಟಾ ಸಹಿ ಹಾಕಿದವನು ದುಡ್ಡು ಮುಟ್ಟಿಲ್ಲವೆಂದರೆ ಇನ್ನೇನು ಲಾಭ? ಬೆರಳಿನ ವಿಷಯ ಹೇಳಿದ್ದಕ್ಕೆ, ಕಷ್ಟಪಟ್ಟು ಹಳೇ ಸಹೀನೇ ಹಾಕಿರಬಹುದಲ್ಲ ಸಾರ್ ಎಂದು ಸುಘೋಷ್ ಜಾರಿಕೊಂಡ. ಆಮೇಲೆ, ಎಲ್ಲ ತನ್ನ ತಲೆಯಿಂದ ಇಳಿಯಿತು ಎಂಬ ನಿರಾಳದಲ್ಲಿ ಒಂದು ಮಾತು ಹೆಚ್ಚಿಗೆ ಆಡಿದ.

“ಕ್ಯಾನ್ಸಲ್ ಆಗದೇ ಇದ್ದಿದ್ರೆ ಕ್ಲೇಮ್ ಕೊಡ್ಲೇಬೇಕಿತ್ತು ಬಿಡಿ. ಮೂರು ವರ್ಷ ದಾಟಿದ ಪಾಲಿಸೀನ ಯಾವ ಕಾರಣಕ್ಕೂ ಪ್ರಶ್ನೆ ಮಾಡೋ ಹಾಗಿಲ್ಲ.”

“ಕ್ಯಾನ್ಸಲ್ ಮಾಡಿದ ಸಹಿ ಖೋಟಾ ಅಂತ ಸಾಬೀತಾದ್ರೆ?”

ಸುಘೋಷ್ ನೀರು ಕುಡಿದ. “ಆಗ... ಪಾಲಿಸಿ ಇದ್ದ ಹಾಗೇ ಲೆಕ್ಕ ಸಾರ್. ಲ್ಯಾಬ್ ರಿಪೋರ್ಟ್ ಬೇಕಾಗುತ್ತೆ.”

ಇತ್ತ ತುಂಗಾ ನೆಲದ ಮೇಲೆ ಮೂವತ್ತೊಂದು ಫೈಲು ಹರವಿಕೊಂಡು ಕೂತಿದ್ದಳು. ವಿಮೆ ಮಾರುವಾಗ ತುಂಬಿದ ಆರೋಗ್ಯ ಘೋಷಣೆಯ ನಮೂನೆಗಳನ್ನು ಒಂದೊಂದಾಗಿ ತಿರುವುತ್ತಿದ್ದವಳು ಥಟ್ಟನೆ ತಲೆಯೆತ್ತಿದಳು.

“ಸಾರ್, ಇವರೆಲ್ಲ ಅವಳಿ ಜವಳಿಗಳಾ? ಮೂವತ್ತೊಂದು ಜನಾನೂ 163 ಸೆಂಟಿಮೀಟರ್, 58 ಕೆಜಿ. ಕೆಂಪಯ್ಯನೂ ಅಷ್ಟೇ. ಆ ಯಮ್ಮ ತೋರಿಸಿದ ಫೋಟೋದಲ್ಲಿ ಆತ ಬಾಗಿಲಿಗೆ ತಲೆ ತಾಗೋ ಹಂಗಿದ್ದ.”

ತೂಕ ನೋಡಿದವರಿಲ್ಲ, ಎತ್ತರ ಅಳೆದವರಿಲ್ಲ. ಯಾರೋ ಒಬ್ಬರೇ ಕೂತು ಎಲ್ಲವನ್ನೂ ತುಂಬಿದ್ದರು. ಏಳರ ನಡುವೆ ಅಡ್ಡಗೆರೆ ಹಾಕುವ ಅದೇ ಅಂಕಿಗಳು ಮರುಪಾವತಿಯ ಲೆಕ್ಕದ ಶೀಟುಗಳಲ್ಲೂ ಇದ್ದವು. ಮಾರಿದವರೂ ವಾಪಸ್ ಕೇಳಿದವರೂ ಒಬ್ಬರೇ. ಈ ಅಕ್ಷರ ಯಾರದೆಂದು ಕೇಳಿದರೆ, ಟಾರ್ಗೆಟ್ಟು ಇಡೀ ಬ್ರಾಂಚಿನದು, ನೆನಪಿಲ್ಲ ಎಂದ ಸುಘೋಷ್. ಪಂಚನಾಮೆ 2.50ಕ್ಕೆ ಮುಗಿಯಿತು.

ಅಂದು ಸಂಜೆ ಕೆಂಗೇರಿ ಉಪನಗರದಲ್ಲಿ ಆ ಮೂವತ್ತೊಂದು ಜನರಲ್ಲಿ ಒಬ್ಬರಾದ ನಿವೃತ್ತ ಮೇಷ್ಟ್ರು ಸೇತುರಾಮ ಚನ್ನವೀರೇಶನಿಗೆ ಸಿಕ್ಕರು. ವಯಸ್ಸು ಎಪ್ಪತ್ತೊಂದು. ಅವರ ವಿಮೆಗೆ ವಯೋಮಿತಿ ಅರವತ್ತೈದು. ಸತ್ತರೂ ಒಂದು ಕಾಸು ಹುಟ್ಟುತ್ತಿರಲಿಲ್ಲ.

“ವಾಪಸ್ ಕೊಡಿ ಅಂತ ನೀವು ಬರೆದಿದ್ರಾ ಸಾರ್?”

“ಇಲ್ಲಪ್ಪ. ದುಡ್ಡು ಮಾತ್ರ ಬಂತು.”

“ದೂರು ಕೊಡ್ತೀರಾ?”

“ಯಾರ ಮೇಲೆ ಕೊಡ್ಲಿ? ಮಾರಿದವರ ಮೇಲಾ, ವಾಪಸ್ ಕೊಡಿಸಿದವರ ಮೇಲಾ? ಕಾಫಿ ಕುಡೀರಿ, ಬನ್ನಿ.”

ಜುಲೈ 16ರಂದು ರಾಜಾಜಿನಗರದ ಅಂಚೆ ಕಚೇರಿಯಲ್ಲಿ ಬುಕಿಂಗ್ ದಾಖಲೆ ತೆಗೆಸಿದರು. ಕಳುಹಿಸಿದವರ ಹೆಸರು ಪ್ರತಿ ಸಲವೂ ಬೇರೆ, ಮೊಬೈಲ್ ನಂಬರ್ ಮಾತ್ರ ಒಂದೇ. ಪತ್ರ ತಲುಪಿತು ಎಂಬ ಮೆಸೇಜು ತನಗೇ ಬರಲಿ ಎಂದು ಕೊಟ್ಟ ನಂಬರು. ಮೋಸ ಮಾಡುವವರು ಹೀಗೆ ಮಾಡುವುದುಂಟೇ? ನಂಬರು ಬಸವೇಶ್ವರನಗರದ ಹೇಮಶ್ರೀ ಎಂಬಾಕೆಯದು. ವಯಸ್ಸು ಮೂವತ್ತನಾಲ್ಕು. ಹೆಸರು ಹೇಳಿದ ಕೂಡಲೇ ಸುಘೋಷ್‌ಗೆ ನೆನಪು ಮರುಕಳಿಸಿತು. ಐಶ್ವರ್ಯಪಥದಲ್ಲಿ ಆರು ವರ್ಷ ಸಾಲ ಕೊಡಿಸುವ ಕೆಲಸ ಮಾಡಿ 2024ರ ಜನವರಿಯಲ್ಲಿ ಬಿಟ್ಟವಳು.

ಜುಲೈ 17, ಗುರುವಾರ ಬೆಳಿಗ್ಗೆ 9.20ಕ್ಕೆ ತುಂಗಾ ಬಾಗಿಲು ತಟ್ಟಿದಳು. ಹೇಮಶ್ರೀ ಪೊಲೀಸರನ್ನು ಕಂಡು ಗಾಬರಿಯಾಗಲಿಲ್ಲ. ಒಳಗೆ ಹೋಗಿ ಹಳೆಯ ಮೊಬೈಲನ್ನೂ ಒಂದು ನೋಟ್‌ಬುಕ್ಕನ್ನೂ ತಂದು ಮೇಜಿನ ಮೇಲಿಟ್ಟಳು. ಆ ಮೊಬೈಲಿನಲ್ಲಿ, ಅಂದು ಹೆಡ್ ಆಫೀಸಿಗೆ ಕಳಿಸಲು ತೆಗೆದ ಎಲ್ಲ ನಮೂನೆಗಳ ಫೋಟೋ ಇತ್ತು. ನೋಟ್‌ಬುಕ್ಕಿನಲ್ಲಿ ನಲವತ್ತಮೂರು ಹೆಸರು. ಮೂವತ್ತೊಂದರ ಮೇಲೆ ಗೆರೆ ಎಳೆದಿತ್ತು. ಅವನ್ನು ಜಪ್ತಿ ಮಾಡಿ ಆಕೆಯನ್ನು ಠಾಣೆಗೆ ಕರೆತಂದರು.

“ಸಹಿ ಹಾಕಿದ್ದು ನೀವೇನಾ?” ಚನ್ನವೀರೇಶ್ ಕೇಳಿದ.

“ನಾನೇ ಸಾರ್.”

“ಅವರನ್ನೇ ಕೇಳಿ ಹಾಕಿಸಬಹುದಿತ್ತಲ್ಲ?”

“ನಾಲ್ಕು ಜನರ ಮನೆಗೆ ಹೋಗಿದ್ದೆ. ಕಂಪನಿ ವಿರುದ್ಧ ಬರೆದ್ರೆ ಸಾಲ ಒಂದೇ ಸಲ ವಾಪಸ್ ಕೇಳ್ತಾರೆ ಅಂತ ಹೆದರಿದ್ರು. ಒಬ್ರು ಬಾಗಿಲು ಹಾಕ್ಕೊಂಡ್ರು. ಮಾರಿದವಳೇ ಬಂದು ಹೇಳಿದ್ರೆ ಯಾರು ನಂಬ್ತಾರೆ?”

“163 ಸೆಂಟಿಮೀಟರ್, 58 ಕೆಜಿ?”

ಹೇಮಶ್ರೀ ತಲೆ ತಗ್ಗಿಸಿದಳು. “ಅದು ನಂದು ಸಾರ್. ಫಾರಂ ಖಾಲಿ ಬಿಡೋ ಹಾಗಿರ್ಲಿಲ್ಲ. ನಂದೇ ಬರೀತಿದ್ದೆ.”

“ಕೆಂಪಯ್ಯ ಗೊತ್ತಾ?”

“ನಾಯಂಡಹಳ್ಳಿ ಲೇತ್‌ನವರು. ಗೊತ್ತು.”

“ತೀರಿಕೊಂಡ್ರು. ಮೇನಲ್ಲಿ. ಹಾರ್ಟ್ ಅಟ್ಯಾಕ್.”

ಆಕೆ ತೊದಲುತ್ತ ಹೇಳಿದಳು. “ಅದಕ್ಕೇ ತೆಗೆಸಿದ್ದು ಸಾರ್. ಎದೆಗೆ ಸ್ಟೆಂಟ್ ಹಾಕಿಸಿದೀನಮ್ಮ ಅಂತ ಅವ್ರೇ ಹೇಳಿದ್ರು. ನಾನು ಹೃದಯದ ಕಾಯಿಲೆ ಇಲ್ಲ ಅಂತ ಟಿಕ್ ಹಾಕಿದ್ದೆ. ಕಾಯಿಲೆ ಮುಚ್ಚಿಟ್ಟಿದೀರಿ ಅಂತ ಕ್ಲೇಮ್ ಕೊಡ್ತಾನೇ ಇರ್ಲಿಲ್ಲ. ಪ್ರೀಮಿಯಂ ಆದ್ರೂ ಉಳೀಲಿ ಅಂತ...”

“ಪಾಲಿಸಿ ಯಾವತ್ತಿಂದು?”

“2022, ಮಾರ್ಚ್ ಹನ್ನೊಂದು.”

“ಮೂರು ವರ್ಷ ದಾಟಿದ ಮೇಲೆ ಅವರು ಅದನ್ನ ಪ್ರಶ್ನೆ ಮಾಡೋ ಹಾಗಿಲ್ಲವಂತೆ. ನೀವು ಸಹಿ ಹಾಕಿದ್ದು 2025, ಏಪ್ರಿಲ್ ಎರಡು.”

ಹೇಮಶ್ರೀ ಬೆರಳು ಮಡಚಿ ಎಣಿಸಿದಳು. ಇಪ್ಪತ್ತೆರಡು ದಿನ. ಪ್ರತಿಯೊಬ್ಬರ ದುಡ್ಡನ್ನೂ ರೂಪಾಯಿ ರೂಪಾಯಿ ಲೆಕ್ಕ ಹಾಕಿದವಳು ಈ ಇಪ್ಪತ್ತೆರಡು ದಿನವನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ತುಂಗಾ ನೀರು ಕೊಟ್ಟರೆ ಬೇಡವೆಂದಳು.

“ಅವರ ಮನೆ ಹೋಗುತ್ತಾ ಸಾರ್?”

“ಸಹಿ ಖೋಟಾ ಅಂತ ಸಾಬೀತಾದ್ರೆ ಪಾಲಿಸಿ ಮತ್ತೆ ಜೀವ ಪಡೆಯುತ್ತೆ, ಮನೆ ಉಳಿಯುತ್ತೆ. ಆದ್ರೆ ನೀವು ಇಲ್ಲಿ ನನ್ನ ಹತ್ರ ಹೇಳಿದ್ದು ಕೋರ್ಟಲ್ಲಿ ನಡೆಯಲ್ಲ. ನಿಮ್ಮ ಅಕ್ಷರ ಲ್ಯಾಬಲ್ಲಿ ಹೊಂದಬೇಕು.”

“ಉಳಿದ ಮೂವತ್ತು ಜನರ ದುಡ್ಡು? ವಾಪಸ್ ಕಿತ್ಕೋತಾರಾ?”

“ಗೊತ್ತಿಲ್ಲಮ್ಮ” ಎಂದ ಚನ್ನವೀರೇಶ್. ನಿಜವಾಗಿಯೂ ಅವನಿಗೆ ಗೊತ್ತಿರಲಿಲ್ಲ.

ಮಧ್ಯಾಹ್ನ 1.10ಕ್ಕೆ ದಸ್ತಗಿರಿ ಜ್ಞಾಪನಕ್ಕೆ ಹೇಮಶ್ರೀಯ ಸಹಿ ಪಡೆದರು. ಹೇಳಿಕೆ ಬರೆದುಕೊಂಡದ್ದು ತುಂಗಾ. ಕೊನೆಯ ಪುಟದಲ್ಲಿ ಹೀಗಿತ್ತು: ಕೆಲಸ ಬಿಡುವ ಹಿಂದಿನ ವಾರ ಬಸವ್ವ ಎಂಬ ಹೆಂಗಸು ಗಂಡನ ಕ್ಲೇಮ್ ಕೇಳಲು ಕಚೇರಿಗೆ ಬಂದಿದ್ದಳು. ನಿನ್ನ ಗಂಡ ಬಿಪಿ ಇರುವುದನ್ನು ಮುಚ್ಚಿಟ್ಟಿದ್ದ, ಹಣ ಬರುವುದಿಲ್ಲ ಎಂಬ ಪತ್ರವನ್ನು ನನ್ನ ಕೈಯಲ್ಲೇ ಕೊಡಿಸಿದರು. ಬಸವ್ವ ಓದಲು ಬಾರದವಳು. ಪತ್ರದ ಮೇಲೆ ಕೈಯಾಡಿಸಿ, “ಫಾರಂ ಬರೆದೋಳು ನೀನೇ ಅಲ್ವೇನವ್ವ? ಬಿಪಿ ಮಾತ್ರೆ ನಿನ್ ಮುಂದೇನೇ ನುಂಗಿದ್ರಲ್ಲ” ಎಂದು ಕೇಳಿದಳು. ಆ ದಿನದಿಂದ ನನಗೆ ಅನ್ನ ಸೇರಲಿಲ್ಲ.

“ಸುಳ್ಳು ಬರೆದು ಮಾರಿದಾಗ ಕಂಪನಿ ಇವಳಿಗೆ ಬೆಸ್ಟ್ ಎಂಪ್ಲಾಯಿ ಅಂತ ಶೀಲ್ಡ್ ಕೊಟ್ಟಿದೆ ಸಾರ್, ಮನೆ ಷೋಕೇಸಲ್ಲಿ ನೋಡ್ದೆ. ಈಗ ನಾವು ಕೋಳ ಹಾಕ್ತಾ ಇದೀವಿ. ಥೂ!” ಎಂದಳು ತುಂಗಾ.

“ಬರಿ, ಬರಿ. ತಾರೀಕು ಹಾಕು” ಎಂದ ಚನ್ನವೀರೇಶ್. ಕೆಂಪಯ್ಯನ ಹೆಂಡತಿಯ ಮುಖವೂ ಇವಳ ಮುಖವೂ ಒಟ್ಟಿಗೆ ಕಣ್ಣ ಮುಂದೆ ಬಂದು ಅವನಿಗೆ ತಲೆ ಕೆಟ್ಟಿತ್ತು.

ಜುಲೈ 18, ಶುಕ್ರವಾರ. ಅಕ್ಷರದ ಮಾದರಿ ಪಡೆಯಲು ಹೇಮಶ್ರೀಯನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದರು. ಸುದ್ದಿ ತಿಳಿದ ಯಶೋದಮ್ಮ ಬೆಳಿಗ್ಗೆಯೇ ಬಂದು ಕೋರ್ಟಿನ ಕಾರಿಡಾರಿನಲ್ಲಿ ಕೂತಿದ್ದರು. ಹೇಮಶ್ರೀಯನ್ನು ನೋಡುತ್ತಲೇ ಎದ್ದು ನಿಂತರು.

“ನೀನೇನಾ?” ಎಂದರು. “ನಿಂಗೆ ಕೈ ಮುಗೀಲೋ, ಕೆನ್ನೆಗೆ ಬಾರಿಸ್ಲೋ ಒಂದೂ ಗೊತ್ತಾಗ್ತಿಲ್ಲ ಕಣೇ. ನಮ್ಮನ್ನ ನಮ್ಮ ಪಾಡಿಗೆ ಬಿಟ್ಟಿದ್ರೆ ಆಗ್ತಿತ್ತು.”

ಹೇಮಶ್ರೀಯ ತಮ್ಮ ಸಮರ್ಥ ಆಕೆಯನ್ನು ಪಕ್ಕಕ್ಕೆ ಕರೆದ. ಅವನು ವಕೀಲ, ಅಕ್ಕನ ಪರ ವಕಾಲತ್ತು ಹಾಕಿದ್ದವನು. ಕಾವಲಿಗಿದ್ದ ತುಂಗಾಳಿಗೆ ಎಲ್ಲ ಕೇಳಿಸುತ್ತಿತ್ತು.

“ಅಕ್ಕ, ಕೇಳಿಲ್ಲಿ. ಓರೆ ಮಾಡಿ ಬರಿ. ಬೇಗ ಬೇಗ ಗೀಚು. ಹೊಂದಲ್ಲ ಅಂತ ರಿಪೋರ್ಟ್ ಬಂದ್ರೆ ಕೇಸೇ ನಿಲ್ಲಲ್ಲ. ಹೊಂದಿದ್ರೆ ಏಳು ವರ್ಷದವರೆಗೂ ಒಳಗೆ ಹಾಕಬಹುದು.”

“ಹೊಂದದೇ ಇದ್ರೆ ಅವರ ಮನೆ?”

“ಅದು ನಿನ್ನ ತಲೆನೋವಲ್ಲ ಅಕ್ಕ.”

ಮಧ್ಯಾಹ್ನ 12.05ಕ್ಕೆ ಮ್ಯಾಜಿಸ್ಟ್ರೇಟರು ಬಿಳಿ ಹಾಳೆಗಳನ್ನು ಕೊಡಿಸಿ, ಕೆಂಪಯ್ಯ ಎಂದು ಹತ್ತು ಸಲ ಸಹಿ ಮಾಡುವಂತೆ ಹೇಳಿದರು. ಹೇಮಶ್ರೀ ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡಳು. ಅವಸರವಿಲ್ಲದೆ, ಅದೇ ವಾಲಿಕೆ, ಅದೇ ಬಾಲ, ಅಷ್ಟೇ ಅಂತರ. ಒಂದಾದ ಮೇಲೊಂದು ಸಹಿ ಅಚ್ಚೊತ್ತಿದ ಹಾಗೆ ಮೂಡಿತು. ಸಮರ್ಥ ಮುಖ ತಿರುಗಿಸಿಕೊಂಡು ಕಿಟಕಿಯ ಕಡೆ ಹೋದ. ಬಾಗಿಲಲ್ಲಿ ನಿಂತಿದ್ದ ಯಶೋದಮ್ಮ ಗಂಡನ ಸಹಿಯನ್ನು ದೂರದಿಂದಲೇ ಗುರುತಿಸಿ ಬಿಕ್ಕಿದರು.

ಹತ್ತು ಮುಗಿದ ಮೇಲೆ ಹೇಮಶ್ರೀ ಹಾಳೆಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. ಆರನೆಯದರ ಬಾಲ ತುಸು ಗಿಡ್ಡವಾಗಿತ್ತು. ಅದನ್ನು ಮ್ಯಾಜಿಸ್ಟ್ರೇಟರಿಗೆ ತೋರಿಸಿ ಕೇಳಿದಳು.

“ಇದು ಸರಿ ಬಂದಿಲ್ಲ ಸಾರ್. ಇನ್ನೊಂದು ಹಾಕಿಕೊಡ್ಲಾ?”