ಬಮ್ಮಕ್ಕನ ಮರದ ಅಕ್ಷರಗಳು

ಬಹಳ ಹಿಂದೆ, ಕಾಗದವಿನ್ನೂ ಜನಕ್ಕೆ ಹೊಸದಾಗಿದ್ದಾಗ, ಕರಿಗಿರಿ ಎಂಬ ರಾಜ್ಯವಿತ್ತು. ಅಲ್ಲಿಯ ರಾಜಾಜ್ಞೆಗಳನ್ನೆಲ್ಲ ಬಮ್ಮಕ್ಕ ತಾನೇ ಮರದಲ್ಲಿ ಕೆತ್ತಿದ ಅಕ್ಷರಗಳಿಂದ ಅಚ್ಚು ಹಾಕಿ ಕೋಟೆಬಾಗಿಲಿಗೆ ಅಂಟಿಸುತ್ತಿದ್ದಳು. ಅಂಗೈಯಗಲದ ದಪ್ಪ ಅಕ್ಷರಗಳು. ಸವೆದು, ಅಂಚು ಮುರಿದು, ಅಲ್ಲಲ್ಲಿ ಮಸಿ ಹತ್ತದೆ ಮೂಡುತ್ತಿದ್ದವು. ಅವಕ್ಕೊಂದು ಮಹಿಮೆಯಿತ್ತು. ಅವನ್ನು ನೋಡಿ ಊರು ಏನು ನಂಬಿತೋ ಅದು ಹಾಗೇ ನಡೆದುಬಿಡುತ್ತಿತ್ತು.

ಒಂದು ಬೆಳಿಗ್ಗೆ ಬಾಗಿಲ ಮೇಲೆ ಅವಳು ಅಂಟಿಸದ ಹಾಳೆಯೊಂದಿತ್ತು. ‘ಊರ ಬಾವಿಗಳು ಬತ್ತುವುವು.’ ಬತ್ತಿಯೇಬಿಟ್ಟವು! ಬಮ್ಮಕ್ಕ ಹಾಳೆಯನ್ನು ದಿಟ್ಟಿಸಿದಳು. ‘ರ’ದ ಹೊಟ್ಟೆಯಲ್ಲಿ ಬಿರುಕು. ಅವಳ ಪೆಟ್ಟಿಗೆಯಲ್ಲಿ ನಾಲ್ಕು ‘ರ’ಗಳಿದ್ದವು. ಒಂದನ್ನು ಇಲಿ ಕಡಿದಿತ್ತು, ಒಂದರ ಅಂಚು ಒಲೆಯಲ್ಲಿ ಸುಟ್ಟಿತ್ತು, ಒಂದು ಸವೆದಿತ್ತು. ನಾಲ್ಕನೆಯದು ಗಂಡ ದಾಸೋಜನ ಕೈಜಾರಿ ಬಿದ್ದು ಬಿರುಕುಬಿಟ್ಟಿತ್ತು. ಅವಳನ್ನು ಬಿಟ್ಟರೆ ಆ ಪೆಟ್ಟಿಗೆ ಮುಟ್ಟುವವನು ಅವನೊಬ್ಬನೇ.

ಅಂದಿನಿಂದ ಅವನು ಕೆಮ್ಮಿದರೂ ಗುಮಾನಿ, ನಕ್ಕರೂ ಗುಮಾನಿ.

“ಯಾಕೆ ಹಂಗೆ ನೋಡ್ತೀಯ?” ಎಂದ ದಾಸೋಜ.

“ಏನಿಲ್ಲ ಬಿಡ್ರಿ” ಎಂದು ಪೆಟ್ಟಿಗೆಯ ಸುತ್ತ ಬೂದಿ ಚೆಲ್ಲಿದಳು. ಹೆಜ್ಜೆ ಮೂಡಲಿಲ್ಲ. ಆದರೂ ಮರುದಿನ ಎರಡನೆಯ ಹಾಳೆ ಬಂತು. ‘ಯಾರ ಒಲೆಯೂ ಉರಿಯದು.’ ಅದೇ ಬಿರುಕು. ಊರೆಲ್ಲ ಹಸಿ ಹಿಟ್ಟು ಮುಕ್ಕಿತು. ಬೂದಿ ತುಳಿಯದೆ ಹಾರಿಹೋದನೇನೋ ಈ ಮನುಷ್ಯ ಎಂದುಕೊಂಡಳು ಬಮ್ಮಕ್ಕ.

ಮೂರನೆಯ ದಿನ: ‘ಸಂಜೆಗೆ ಅರಸರ ಶರೀರ ಕಲ್ಲಾಗುವುದು.’ ಮಧ್ಯಾಹ್ನಕ್ಕೇ ಅರಸ ಮೊಣಕಾಲವರೆಗೆ ಕಲ್ಲಾಗಿದ್ದ. ಅವನನ್ನು ಕೋಟೆಬಾಗಿಲಿಗೆ ಹೊತ್ತು ತಂದು, ಬಮ್ಮಕ್ಕನನ್ನೂ ಅಲ್ಲಿಗೆ ಎಳೆತಂದರು.

“ಇವಳ ಹತ್ತು ಬೆರಳೂ ಕಡಿಸಿ, ಮಹಾಪ್ರಭು!” ಎಂದ ಹೊಸ ಮಂತ್ರಿ ಧೂಮಕೇತ.

“ಆ ಪೆಟ್ಟಿಗೆ ಮುಟ್ಟೋರು ಯಾರು?” ಎಂದ ಅರಸ.

ಬಮ್ಮಕ್ಕ ತನ್ನ ಬೆರಳುಗಳನ್ನು ನೋಡಿಕೊಂಡಳು. ಬೆರಳು ಹೋದರೆ ಅವಳಿಗೇನು ಉಳಿಯುತ್ತದೆ? ಗಂಡನ ಹೆಸರು ಬಾಯಿಗೆ ಬಂತು. ನುಂಗಿಕೊಂಡಳು. “ನಾನೊಬ್ಬಳೇ, ದೊರೆ.”

ಗುಂಪಿನಿಂದ ದಾಸೋಜ ನುಗ್ಗಿ ಬಂದ. “ಸುಳ್ಳು! ಮಾಡಿದ್ದು ನಾನು. ನನ್ನ ಬೆರಳು ತಗೊಳ್ಳಿ.”

ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ; ಕಿವಿ ಕೆಂಪಾಗುತ್ತದೆ. ಈಗಲೂ ಆಗಿತ್ತು. ಅದನ್ನು ಕಂಡ ಬಮ್ಮಕ್ಕ ಮತ್ತೆ ಹಾಳೆಯತ್ತ ತಿರುಗಿದಳು. ಮೂರು ‘ರ’ಗಳು. ಮೂರಕ್ಕೂ ಒಂದೇ ಬಿರುಕು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

“ಪೆಟ್ಟಿಗೆ ತನ್ನಿ!” ಎಂದು ಕೂಗಿ, ನಾಲ್ಕೂ ‘ರ’ಗಳಿಗೆ ಮಸಿ ಹಚ್ಚಿ ಒತ್ತಿ ತೋರಿಸಿದಳು. “ನೋಡ್ರಪ್ಪಾ! ನಮ್ಮ ಮನೇಲಿ ಒಂದರ ಗಾಯ ಇನ್ನೊಂದಕ್ಕಿಲ್ಲ. ಬಿರುಕಿರೋದು ಒಂದಕ್ಕೇ. ನಾನು ಅಕ್ಷರ ಎಲ್ಲ ಜೋಡಿಸಿ ಒಂದೇ ಸಲ ಒತ್ತೋದು, ಮೂರಕ್ಕೂ ಅದೇ ಬಿರುಕು ಹೆಂಗೆ ಬರುತ್ತೆ? ಯಾವನೋ ಮಾಟಗಾರ ನನ್ನ ಹಳೇ ಹಾಳೆಯಿಂದ ಒಂದೇ ‘ರ’ ಕದ್ದು ಮೂರು ಸಲ ಒತ್ತವ್ನೆ!”

“ಹೌದಲ್ಲಾ!” ಎಂದಿತು ಊರು. ನಂಬಿಕೆ ಹೋದ ಗಳಿಗೆಯಲ್ಲೇ ಹಾಳೆ ಉದುರಿಬಿತ್ತು. ಅರಸನ ಕಾಲಿಗೆ ನೆತ್ತರು ಹರಿಯಿತು. ಆ ಮಾಟಗಾರ ಧೂಮಕೇತನೇ; ಅವನು ತನ್ನನ್ನು ಮನುಷ್ಯನೆಂದು ನಂಬಿಸಿದ್ದೂ ಅಂಥದೇ ಹಾಳೆಯಿಂದ. ಆ ನಂಬಿಕೆಯೂ ಹೋಗಿ ಅವನು ಹೆಗ್ಗಣವಾಗಿ ಮೋರಿಗೆ ನುಗ್ಗಿದ.

ಬಾವಿಗಳು ತುಂಬಿದವು, ಒಲೆಗಳು ಉರಿದವು, ಊರು ಹೊಟ್ಟೆ ಬಿರಿಯ ಉಂಡಿತು. ಬಮ್ಮಕ್ಕ ಮಾತ್ರ ನಾಚಿಕೆಯಿಂದ ತಲೆ ತಗ್ಗಿಸಿ ಕೂತಿದ್ದಳು.

“ನಿಮ್ಮ ಮೇಲೇ ಗುಮಾನಿ ಪಟ್ಟೆ ಕಣ್ರೀ.”

“ಗೊತ್ತು” ಎಂದ ದಾಸೋಜ, ಬಿಸಿ ಮುದ್ದೆ ಬಡಿಸುತ್ತ. “ದೊರೆ ಕೇಳಿದಾಗ ನನ್ನ ಹೆಸರು ಹೇಳ್ಲಿಲ್ಲವಲ್ಲ. ಉಣ್ಣು.”

ಅವಳು ಅಳುತ್ತಲೇ ಉಂಡಳು. ಆಮೇಲೆ ಅವರಿಬ್ಬರೂ ಬಹುಕಾಲ ಸುಖವಾಗಿದ್ದರು.